ಮೂರನೆಯ ಚೆಂಡು

“ಐದನೇ ವರ್ಶನ್ನಿನ ಫೈಲು ಒಂದಾದ್ರೂ ಉಳದೈತೇನ, ಜಹಾಂಗೀರ?” ರಾಣೆಬೆನ್ನೂರಿನ ಸೈಬರ್ ಕೆಫೆಯ ಬಾಗಿಲು ತಳ್ಳುತ್ತಲೇ ಚನ್ನೇಶ ಕೇಳಿದ. ಅವನ ಹಿಂದೆ ಅಕ್ಕ ಗಂಗಾ ನಿಂತಿದ್ದಳು. ಎರಡು ತಿಂಗಳ ಕೂಸನ್ನು ಗುತ್ತಲದಲ್ಲಿ ಅತ್ತೆಯ ಕೈಗೆ ಕೊಟ್ಟು ಮುಂಜಾನೆಯ ಬಸ್ಸಿಗೆ ಬಂದವಳು, ಚಪ್ಪಲಿ ಹೊರಗೆ ಬಿಡಬೇಕೋ ಬೇಡವೋ ತಿಳಿಯದೆ ಹೊಸ್ತಿಲಲ್ಲೇ ತಡವರಿಸುತ್ತಿದ್ದಳು. ಕೆಫೆಯ ಮಾಲೀಕ ಜಹಾಂಗೀರ ಎದ್ದು ತನ್ನ ಕುರ್ಚಿಯನ್ನೇ ಸರಿಸಿಕೊಟ್ಟ. “ಬರ್ರಿ ಅಕ್ಕಾರ, ಕುಂದ್ರಿ. ಅವ್ವಾರ ಸುದ್ದಿ ಕೇಳಿ ಭಾಳ ಕೆಟ್ಟ ಅನಿಸ್ತು.”

ಬ್ಯಾಡಗಿಯಲ್ಲಿ ಅವ್ವ ಚೌಡವ್ವ ತೀರಿಕೊಂಡಾಗ ಗಂಗಾ ಎಂಟು ದಿನದ ಬಾಣಂತಿ. ಹಸಿ ಬಾಣಂತಿ ಸಾವಿನ ಮನೆಗೆ ಹೋಗಬಾರದೆಂದು ಗಂಡನ ಮನೆಯವರು ಬಿಡಲಿಲ್ಲ. ಮುಖ ನೋಡುವುದು ತಪ್ಪಿಹೋಯಿತು, ದನಿಯನ್ನಾದರೂ ಕೇಳಬೇಕು ಎಂದು ಅವಳು ಹಟ ಹಿಡಿದಿದ್ದಳು. ಆ ದನಿ ಈ ಭೂಮಿಯ ಮೇಲೆ ಇದ್ದರೆ ಒಂದೇ ಕಡೆ ಇರಬೇಕು. ಅದು ಚನ್ನೇಶ ಕಂಪ್ಯೂಟರಿನಲ್ಲಿ ಮಾಡಿದ ಪಿನ್‌ಬಾಲ್ ಆಟದಲ್ಲಿ.

ಗುಂಡಿ ಒತ್ತಿ ಚೆಂಡನ್ನು ಕೆಳಗೆ ಬೀಳದಂತೆ ಮೇಲಕ್ಕೆ ಚಿಮ್ಮಿಸುವ ಆಟ ಅದು, ಒಂದು ಆಟಕ್ಕೆ ಮೂರು ಚೆಂಡು. ಅದರ ಹಲಗೆಯನ್ನು ಬೇಕಾದ ಹಾಗೆ ಕಟ್ಟಿಕೊಳ್ಳಲು ಒಂದು ಸಾಫ್ಟ್‌ವೇರ್ ಇತ್ತು. ಅದರ ಐದನೇ ವರ್ಶನ್ನಿನಲ್ಲಿ ಅವನು ಕೆಂಪು ಮೆಣಸಿನಕಾಯಿ ಚೀಲಗಳಿಗೆ ಚೆಂಡು ಬಡಿಯುವಂಥ ಒಂದು ಆಟ ಕಟ್ಟಿದ್ದ. ಚೆಂಡು ಕೆಳಗೆ ಜಾರಿ ಹೋದಾಗ ಏನಾದರೊಂದು ಸದ್ದು ಬೇಕಲ್ಲ? ಮೈಕು ತೆರೆದಿಟ್ಟುಕೊಂಡು ಆಡುತ್ತಾ “ಅಯ್ಯ, ಹೋತು!” ಎಂದು ಕೂಗಿದ್ದ. ಪಕ್ಕದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅವ್ವ ಘಾಟಿಗೆ ಕೆಮ್ಮಿ, ಮಗನನ್ನು ಸಮಾಧಾನ ಮಾಡಿದ್ದಳು. ಅದನ್ನೇ ಕತ್ತರಿಸಿ ಆಟದೊಳಗೆ ಹಾಕಿದ್ದ. ಚೆಂಡು ಬಿದ್ದಾಗಲೆಲ್ಲ ಅವ್ವ ಮಾತಾಡುತ್ತಿದ್ದಳು. ಆಗಲೇ ಅದನ್ನು ಜಹಾಂಗೀರನ ಕೆಫೆಯ ಮಶೀನುಗಳಿಗೂ ಹಾಕಿಕೊಟ್ಟಿದ್ದ.

ಅಚ್ಚುಕಟ್ಟುತನ ಚನ್ನೇಶನ ಹೆಮ್ಮೆ, ಅದೇ ಅವನಿಗೆ ಶನಿಯಾಗಿ ಕಾಡಿತು. ಒಂದೊಂದು ವರ್ಶನ್ನಿಗೂ ಒಂದೊಂದು ಫೋಲ್ಡರ್. ಹೊಸದು ಬಂದಾಗ ಎಲ್ಲ ಆಟಗಳನ್ನೂ ಅದರಲ್ಲಿ ತೆರೆದು, ತಿದ್ದಿ, ಅದರಲ್ಲೇ ಸೇವ್ ಮಾಡಿ, ಹಳೆಯ ಫೋಲ್ಡರನ್ನು ಗುಡಿಸಿ ಹಾಕುತ್ತಿದ್ದ. ಆರನೆಯದರಲ್ಲಿ ಆಟವನ್ನು ಇಂಟರ್ನೆಟ್ಟಿಗೆ ಹಾಕಿದಾಗ ಯಾವ ದೇಶದವನೋ ಬರೆದಿದ್ದ: ಈ ಮುದುಕಿ ಏನನ್ನುತ್ತಾಳೆಂದು ಗೆಳೆಯನೊಬ್ಬನಿಂದ ತಿಳಿದುಕೊಂಡೆ, ಕೊನೆಯ ಚೆಂಡು ಹೋದ ಮೇಲೂ ಅದನ್ನೇ ಅನ್ನುತ್ತಾಳೆ, ಅದು ತಪ್ಪು. ಚನ್ನೇಶ ನಾಚಿ ನೀರಾದ. ಅಂದೇ ಅವ್ವನ ದನಿ ತೆಗೆದು ಗಂಟೆಯ ಸದ್ದು ಹಾಕಿದ. ಇದನ್ನೆಲ್ಲ ಕೆಫೆಗೆ ಬರುವ ದಾರಿಯಲ್ಲಿ ಅಕ್ಕನಿಗೆ ಹೇಳಿಕೊಂಡಿದ್ದ.

“ನಂದ ದನಿ ಬರವಲ್ದಲ್ಲೋ ಈಗ?” ಎಂದು ಅವ್ವ ಒಮ್ಮೆ ಕೇಳಿದ್ದಳು. “ಅದು ಹಳೇದಾತವ್ವ” ಎಂದಿದ್ದ.

ಜಹಾಂಗೀರ ಒಂದೊಂದೇ ಮಶೀನಿನಲ್ಲಿ ಆಟ ತೆರೆದು ತೋರಿಸಿದ. ನಾಲ್ಕರಲ್ಲೂ ಟಣ್ ಎಂದು ಗಂಟೆ ಬಾರಿಸಿತು. “ನೀನ ಸಿಡಿ ತಂದಕೊಟ್ಟಿ, ಹಳೇದು ಅಳಿಸಿ ಇದನ್ನ ಹಾಕು ಅಂದಿ. ನಾನೂ ಹಾಕಿದ್ನೆಪ್ಪಾ.”

ಗಂಗಾ ಎದ್ದು ನಿಂತಳು. “ನಡಿ, ಹೋಗೂನು. ಕೂಸು ಹಾಲಿಗೆ ಅಳತಿರ್ತೈತಿ.” ಆದರೆ ಬಾಗಿಲ ಕಡೆ ಹೆಜ್ಜೆ ಇಡದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಚನ್ನೇಶನಿಗೆ ಅಕ್ಕನ ಕಾಲಿಗೆ ಬೀಳಬೇಕೆನ್ನಿಸಿತು.

“ತಡೀರಿ ಅಕ್ಕಾರ.” ಜಹಾಂಗೀರ ಮೂಲೆಯಲ್ಲಿ ಬಟ್ಟೆ ಹೊದೆಸಿಟ್ಟಿದ್ದ ಮಶೀನಿನ ಕಡೆ ನೋಡಿದ. “ಇದರ ಸಿಡಿ ಡ್ರೈವ್ ಕೆಟ್ಟು ಎರಡು ವರ್ಷ ಆತು. ಇವನ ಹೊಸಾ ಸಿಡಿ ಇದಕ್ಕ ಹಾಕಾಕ ಆಗಿದ್ದಿಲ್ಲ. ನೋಡೂನು.”

ಮಶೀನು ಗುರುಗುಟ್ಟಿ ಏಳಲು ಐದು ನಿಮಿಷ ಬೇಕಾಯಿತು. ಆಟದ ಫೋಲ್ಡರಿನ ಹೆಸರು ‘ಐದು’ ಎಂದೇ ಇತ್ತು. ಜಹಾಂಗೀರನೇ ತೆರೆದ. “ಅಕ್ಕಾ, ನೀ ಏನೂ ಒತ್ತಬ್ಯಾಡ” ಎಂದ ಚನ್ನೇಶ. “ಒತ್ತಿ ಆಡಿದ್ರ ಚಂಡು ಮ್ಯಾಲೆ ಉಳೀತೈತಿ. ಬಿದ್ರಷ್ಟ ಅವ್ವ ಮಾತಾಡ್ತಾಳ.”

ಬೆಳ್ಳಿಯ ಬಣ್ಣದ ಚೆಂಡು ಮೇಲೇರಿ, ಎರಡು ಚೀಲಗಳಿಗೆ ಬಡಿದು, ನೆಟ್ಟಗೆ ಕೆಳಗಿಳಿದು ಮಾಯವಾಯಿತು. ಸ್ಪೀಕರಿನಿಂದ ಮೊದಲು ಕೆಮ್ಮು ಬಂತು. ಆ ಕೆಮ್ಮಿಗೇ ಗಂಗಾ “ಅವ್ವಾ” ಎಂದುಬಿಟ್ಟಳು. ಅದರ ಹಿಂದೆಯೇ ಚೌಡವ್ವನ ದನಿ, ಇಲ್ಲೇ ಪಕ್ಕದಲ್ಲಿ ಕೂತಂತೆ: “ಹೋದ್ರ ಹೋಗ್ಲಿ ಬಿಡೋ ತಮ್ಮಾ. ಇನ್ನೊಂದ ಐತೆಲ್ಲ.”

ಎರಡನೆಯ ಚೆಂಡು ಬಿತ್ತು. ಗಂಗಾ ಅಳುತ್ತಲೇ ಸ್ಪೀಕರಿನ ಮೇಲೆ ಕೈಯಿಟ್ಟುಕೊಂಡಳು. ಜಹಾಂಗೀರ ಬೀದಿಯ ಕಡೆ ಮುಖ ಮಾಡಿ ನಿಂತ.

ಮೂರನೆಯ ಚೆಂಡು ತುಸು ಹೊತ್ತು ಚೀಲಗಳ ನಡುವೆ ಅಲೆದಾಡಿ, ಕೊನೆಗೆ ಅದೂ ಜಾರಿತು. ಆಟ ಮುಗಿಯಿತು ಎಂದು ಪರದೆಯ ತುಂಬ ಕೆಂಪಕ್ಷರ ಬಂತು. ಅದನ್ನು ಲೆಕ್ಕಿಸದವಳಂತೆ ಚೌಡವ್ವ ಮತ್ತೆ ಕೆಮ್ಮಿದಳು. “ಹೋದ್ರ ಹೋಗ್ಲಿ ಬಿಡೋ ತಮ್ಮಾ. ಇನ್ನೊಂದ ಐತೆಲ್ಲ.”

ಗಂಗಾ ಕಣ್ಣೊರೆಸಿಕೊಂಡು ತಮ್ಮನ ಕಡೆ ತಿರುಗಿದಳು.

“ಇದನ್ನ ಏನೋ ಚನ್ನೇಶ, ಆ ಪರದೇಶದಂವ ತಪ್ಪು ಅಂದಿದ್ದು?”