ಕಜ್ಜಾಯದ ಘಮ

ಬೆಲ್ಲದ ಪಾಕದ ಹಿಟ್ಟು ಬಿಸಿ ಎಣ್ಣೆಯಲ್ಲಿ ಕೆಂಪಗಾಗುವಾಗ ಏಳುವ ಕಜ್ಜಾಯದ ಘಮ ಬಂದರೆ ನಾಗವೇಣಿಗೆ ಬಾಲ್ಯವೇ ನೆನಪಾಗುತ್ತಿತ್ತು. ಈಗ ಅದು ತುಮಕೂರಿನ ಅವಳ ಡೋನಟ್ ಅಂಗಡಿಯಲ್ಲೂ, ಕಂಪನಿಯ ಉಳಿದೆಲ್ಲ ಅಂಗಡಿಗಳಲ್ಲೂ ಹಬ್ಬಿತ್ತು. ಅದರ ಹೆಸರಿನಲ್ಲಿ ಅಂಗಡಿ ನಡೆಸುವ ಫ್ರಾಂಚೈಸಿ ಬೇಕೆಂದವರು ಮನೆಯ ಒಂದು ಘಮವನ್ನು ಕಂಪನಿಗೆ ಬರೆದುಕೊಡುವುದು ವಾಡಿಕೆ. ಕೊಟ್ಟ ಮೇಲೆ ಆ ಮನೆತನದ ಯಾರ ಒಲೆಯ ಮೇಲೂ ಅದು ಏಳುವುದಿಲ್ಲ. ನಾಗವೇಣಿ ತನ್ನ ಅಕ್ಕನನ್ನು ಕೇಳದೆಯೇ ಸಹಿ ಹಾಕಿದ್ದಳು.

ಮಧ್ಯಾಹ್ನ ಮೊದಲ ಸಲ ಅಂಗಡಿ ನೋಡಲು ಬಂದ ಪಂಕಜಕ್ಕ ಬಾಗಿಲಲ್ಲೇ ನಿಂತುಬಿಟ್ಟಳು.

"ಅಮ್ಮನ ಕಜ್ಜಾಯ ಅಲ್ವೇನೇ ಇದು? ದೀಪಾವಳೀಲಿ ಎಷ್ಟು ಕರಿದ್ರೂ ಘಮಾನೇ ಬರ್ಲಿಲ್ಲ. ಮೂಗು ಕೆಟ್ಟಿದೆ ಅಂತ ಡಾಕ್ಟರ ಹತ್ರ ಹೋಗಿದ್ದೆ ಕಣೇ! ಅವರೂ ಪಾಪ, ಮೂಗಿಗೆ ಬಿಟ್ಕೊಳ್ಳೋಕೆ ಹನಿ ಕೊಟ್ಟು ಕಳಿಸಿದ್ರು."

ನಾಗವೇಣಿ ತಲೆ ತಗ್ಗಿಸಿದಳು. "ಅಕ್ಕ, ಸಹಿ ಹಾಕೋ ಮುಂಚೆ ನಿನ್ನನ್ನ ಒಂದು ಮಾತು ಕೇಳ್ಬೇಕಿತ್ತು..."

ಗಿರಾಕಿಗಳು ಬಾಗಿಲಲ್ಲಿ ನಿಂತ ಪಂಕಜಕ್ಕನ ಪಕ್ಕದಿಂದ ಒಳಗೆ ಹೋದರು. ಅವಳು ಕಣ್ಣು ಮುಚ್ಚಿ ಇನ್ನೊಮ್ಮೆ ಆಳವಾಗಿ ಉಸಿರೆಳೆದುಕೊಂಡಳು. ಆಮೇಲೆ ಚೀಲದಿಂದ ಊಟದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ತಂಗಿಯ ಕೈಗಿಟ್ಟಳು. ಬಿಸಿ ಅನ್ನ, ಬಸ್ಸಾರು; ಪಕ್ಕದಲ್ಲಿ ಘಮವಿಲ್ಲದ ಒಂದು ಕಜ್ಜಾಯ.