ತುಕ್ಕು ಹಿಡಿಯದ ಎಲೆ

ಎಸ್ಟೇಟಿನ ಲ್ಯಾಬಿನಲ್ಲಿ ಗಾಜಿನ ತಟ್ಟೆಯ ಮುಚ್ಚಳ ತೆಗೆದು ನೋಡಿದ ಬೊಳ್ಳಪ್ಪ, ಸಿದ್ದಾಪುರದ ಬಸ್ಸುಗಳೆಲ್ಲ ನಿಂತು ಕೇಳುವ ಹಾಗೆ ನಕ್ಕ. ಅವನೇ ತಳಿ ಕೂಡಿಸಿ ಬೆಳೆಸಿದ ಕಾಫಿ ಗಿಡದ ಎಲೆಗೆ ತುಕ್ಕುರೋಗದ ಪುಡಿಯನ್ನು ನೀರಲ್ಲಿ ಕಲಸಿ ಸವರಿ ವಾರಗಳೇ ಕಳೆದಿದ್ದವು. ಹುಡುಕಿದರೂ ಒಂದು ಚುಕ್ಕೆ ಇಲ್ಲ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಸುದ್ದಿ ಬಾಳೆಲೆ ಊರನ್ನು ಮುಟ್ಟಲು ವಾರ ಹಿಡಿದಿತ್ತಂತೆ. ತುಕ್ಕು ಮುಟ್ಟದ ಗಿಡದ ಸುದ್ದಿ ಮಧ್ಯಾಹ್ನದ ಗಂಜಿ ಹೊತ್ತಿನೊಳಗೆ ಮಾಕುಟ್ಟದ ಗೇಟು ದಾಟಿ ಕೇರಳಕ್ಕೇ ಹೋಯಿತು. ಎಸ್ಟೇಟಿನ ಸಾಹುಕಾರ ದೇರಪ್ಪನವರಂತೂ ಕೆಳಗಿನ ಗುಡ್ಡದ ಹಳೇ ಕಾಫಿಯನ್ನೆಲ್ಲ ಬುಡಸಹಿತ ಕೀಳಿಸಿ ಬೊಳ್ಳಪ್ಪನ ಗಿಡವನ್ನೇ ಹಾಕುವುದೆಂದು ಆಳುಗಳಿಗೆ ಹೇಳಿಯೂಬಿಟ್ಟರು.

ಮೈಸೂರಿನಲ್ಲಿ ಓದಿ ಬಂದು ಅದೇ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಯಮುನ ಮಾತ್ರ ಪಕ್ಕದ ತಟ್ಟೆಯನ್ನೇ ನೋಡುತ್ತಿದ್ದಳು. ಅದರಲ್ಲಿ ಹೋಲಿಕೆಗೆಂದು ಇಟ್ಟ ಹಳೇ ಗಿಡದ ಎಲೆ. ತುಕ್ಕಿನ ಹೆಸರು ಹೇಳಿದರೇ ಉದುರುವ ಜಾತಿ ಅದು.

“ಬೊಳ್ಳಪ್ಪಣ್ಣ, ಇದಕ್ಕೂ ಹಿಡಿದಿಲ್ಲವಲ್ಲ.”

“ನನ್ನ ಗಿಡದ ಪಕ್ಕ ಕೂತು ಅದಕ್ಕೂ ಬುದ್ಧಿ ಬಂದಿರಬೇಕು.”

“ಹಿಡಿಯಲೇಬೇಕಾದ ಎಲೆಗೇ ಹಿಡಿಯದಿದ್ದರೆ ನಿಮ್ಮ ಗಿಡ ಗೆದ್ದದ್ದು ಹೇಗೆ? ನಾವು ಸವರಿದ್ದರಲ್ಲೇ ಎಂಥದೋ ತಪ್ಪಿದೆ.”

ಬೊಳ್ಳಪ್ಪನ ನಗು ಅರ್ಧಕ್ಕೆ ನಿಂತಿತು. ಪುಡಿ ಹಳತಾಯಿತೇನೋ ಎಂದು ತೋಟದಿಂದ ಹೊಸ ಪುಡಿ ತಂದರು. ನೀರಲ್ಲಿ ನೆನೆಸಿಟ್ಟು ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮೊಳಕೆ ಒಡೆಯಬೇಕಾಗಿದ್ದ ತುಕ್ಕಿನ ಬೀಜಕಣಗಳೆಲ್ಲ ಸತ್ತು ಬಿದ್ದಿದ್ದವು.

“ನೀರು ಎಲ್ಲಿಯದು?” ಯಮುನ ಕೇಳಿದಳು.

“ನೀರಿನ ತಂಟೆಗೆ ಬರಬೇಡ, ಮಾರಾಯ್ತಿ. ಆಳುಗಳ ಲೈನುಮನೆಯ ತೊಟ್ಟಿಯದಲ್ಲ. ನಮ್ಮವ್ವ ದಿನಾ ಹುಣಸೆಹಣ್ಣು ಹಾಕಿ ತಿಕ್ಕುವ ತಾಮ್ರದ ಬಿಂದಿಗೆಯದು. ರಾತ್ರಿಯಿಡೀ ಅದರಲ್ಲಿ ನಿಂತ ನೀರು. ಕಾವೇರಿಯೇ ಬಂದು ನಾಚಿಕೊಳ್ಳಬೇಕು.”

ಯಮುನ ಕಿಟಕಿಯಾಚೆ ನೋಡಿದಳು. ಆಳುಗಳು ಮೈಲುತುತ್ತ ಮತ್ತು ಸುಣ್ಣ ಕಲಸಿ ಕಾಫಿಗೆ ಹೊಡೆಯುತ್ತಿದ್ದರು. ಬೊಳ್ಳಪ್ಪನೂ ನೋಡಿದ. ತುಕ್ಕನ್ನು ಕೊಲ್ಲಲು ಕೊಡಗೆಲ್ಲ ಹೊಡೆಯುವ ಆ ನೀಲಿ ಔಷಧದ ಸತ್ವವೇ ತಾಮ್ರ. ಎಲೆಗೆ ರೋಗ ಹತ್ತಿಸಲು ಹೊರಟವನು ರೋಗದ ಮದ್ದನ್ನೇ ಮನೆಯಿಂದ ಹೊತ್ತು ತಂದಿದ್ದ.

ದೇರಪ್ಪನವರನ್ನು ಕಾಡಿ ಬೇಡಿ ಕೀಳುವ ಕೆಲಸ ಕೆಲವು ವಾರ ಮುಂದೂಡಿಸಿದರು. ಗಾಜಿನ ಜಾಡಿಯಲ್ಲಿ ಹಿಡಿದ ಮಳೆನೀರಿನಲ್ಲಿ ಪುಡಿ ಕಲಸಿ ಎರಡೂ ಎಲೆಗಳಿಗೆ ಮತ್ತೆ ಸವರಿದರು. ವಾಯಿದೆ ಮುಗಿದ ಬೆಳಿಗ್ಗೆ ಮುಚ್ಚಳ ತೆಗೆದರೆ ಹಳೇ ಗಿಡದ ಎಲೆಯಡಿ ಕಿತ್ತಳೆ ಬಣ್ಣದ ಪುಡಿ. ಬೊಳ್ಳಪ್ಪ ತನ್ನ ಗಿಡದ ಎಲೆಯನ್ನು ಮಗುಚಿದ. ಅದರಡಿಯೂ ಅಷ್ಟೇ.

“ಸಾಹುಕಾರ್ರು ಹೊರಗೆ ಕಾಯ್ತಿದ್ದಾರೆ. ನಾನು ಹೇಳಲಾ?” ಯಮುನ ಮೆಲ್ಲಗೆ ಕೇಳಿದಳು.

“ಬೇಡ. ಊರಿಗೆಲ್ಲ ಸಾರಿದವನು ನಾನು.”

ಅಂಗಳದ ತುಂಬ ಗುದ್ದಲಿ ಹಿಡಿದ ಆಳುಗಳು. ದೇರಪ್ಪ ಮೀಸೆಯಲ್ಲೇ ನಗುತ್ತಿದ್ದರು. “ಏನು ಬೊಳ್ಳಪ್ಪ, ಶುರು ಮಾಡಿಸಲಾ? ನಿನ್ನ ಗಿಡದ ಮುಂದೆ ತುಕ್ಕಿನ ಆಟ ನಡೆಯೋದಿಲ್ಲ ತಾನೆ?”

ಹುಟ್ಟಿದಂದಿನಿಂದ ಬೊಳ್ಳಪ್ಪನ ಬಾಯಿಂದ ಇಲಿಯೊಂದು ಹುಲಿಯಾಗದೆ ಹೊರಬಂದದ್ದಿಲ್ಲ. ಆಳುಗಳು ಕಿವಿ ನಿಮಿರಿಸಿ ನಿಂತರು. ಅವನು ಬಲಗೈ ಹೆಬ್ಬೆರಳನ್ನು ದೇರಪ್ಪನವರ ಮುಂದೆ ಚಾಚಿದ. ತುದಿಯಲ್ಲಿ ಕುಂಕುಮ ಇಟ್ಟಷ್ಟು ಕಿತ್ತಳೆ ಪುಡಿ.

“ನನ್ನ ಗಿಡಕ್ಕೂ ಹಿಡಿದಿದೆ, ಸಾಹುಕಾರ್ರೆ,” ಎಂದ. “ಇಷ್ಟು.”