ಎಲೆಅಡಿಕೆ ಉಗಿದ ಮಧ್ಯಾಹ್ನ

ಪೀಣ್ಯದ ಬೀಡಾ ಅಂಗಡಿಯ ಮುಂದೆ ಹಸಿ ಸುಣ್ಣದ ವಾಸನೆ ಬಡಿದರೆ ಈಗಲೂ ನನಗೆ ಊರಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆ ಮಧ್ಯಾಹ್ನ ನಮ್ಮೂರ ಗೋಮಾಳವನ್ನು ಕಾರ್ಖಾನೆಗೆ ಕೇಳಲು ಸಾಹೇಬರೊಬ್ಬರು ಪೊಲೀಸರ ಜೊತೆ ಜೀಪಿನಲ್ಲಿ ಬಂದಿದ್ದರು. ಊರಿಗೆ ಹಿರಿಯರು ನಮ್ಮ ತಾತ. ಅವರ ಬಾಯಲ್ಲಿ ಸದಾ ಎಲೆಅಡಿಕೆ. ಏನು ಕೇಳಿದರೂ "ಹ್ಞೂಂ" ಎನ್ನುತ್ತಿದ್ದರು. ಜನ ಅದನ್ನೇ ಒಪ್ಪಿಗೆ ಎಂದುಕೊಳ್ಳುತ್ತಿದ್ದರು.

"ಊರಿನ ಪರವಾಗಿ ಒಪ್ಕೊಳ್ಳಿ ಗೌಡ್ರೇ," ಎಂದರು ಸಾಹೇಬರು. "ನಿಮ್ಮ ಮಗನಿಗೆ ಅಲ್ಲೇ ಕೆಲಸ. ಇಲ್ಲಾಂದ್ರೆ ಸ್ಟೇಷನ್ನಿಗೆ ನಡೀರಿ."

ಚಿಕ್ಕಪ್ಪ ನೆಲ ನೋಡುತ್ತಿದ್ದ. ತಾತ ಎದ್ದುಹೋಗಿ ಮೋರಿಗೆ ಉಗಿದು, ಚೊಂಬಿನ ನೀರಿನಲ್ಲಿ ಬಾಯಿ ಮುಕ್ಕಳಿಸಿ ಬಂದರು.

"ಕೊಡಾಕಿಲ್ಲ ಸಾಮಿ. ಅದು ಊರ ದನಗಳ್ದು."

ಎರಡು ದಿನದ ಗಡುವು ಕೊಟ್ಟು ಸಾಹೇಬರು ಜೀಪು ಹತ್ತಿ ಹೋದ ಮೇಲೆ ಅಜ್ಜಿ ಎಲೆಗೆ ಸುಣ್ಣ ಸವರಿ ನೀಡಿದರು.

"ಬ್ಯಾಡ ಕಣೇ," ಎಂದರು ತಾತ. "ಮತ್ತೆ ಬತ್ತಾರೆ. ಬಾಯಿ ಖಾಲಿ ಇರ್ಲಿ."